ಕನ್ನಡದ ನಡುವೆ ಪೌಂಡ್ ಚಿಹ್ನೆ

ಶಿರಸಿ ಕಡೆಯ ಓದುಗರೊಬ್ಬರು, ನಿವೃತ್ತ ಹೈಸ್ಕೂಲು ಮೇಷ್ಟ್ರು, ಉದ್ದದ ಪತ್ರ ಬರೆದಿದ್ದಾರೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ತನ್ನ ವಿಂಡೋಸ್ 10ರ ಉಸ್ತುವಾರಿ ನಿಲ್ಲಿಸಿತಲ್ಲ, ಅಲ್ಲಿಂದ ಕತೆ ಶುರು. ವಿಂಡೋಸ್ 11 ಹಾಕೋಣವೆಂದರೆ ಅದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇವರ ಹಳೆಯ ಕಂಪ್ಯೂಟರಿನಲ್ಲಿಲ್ಲ. ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಅಳಿಯನ ಕೈಯಲ್ಲಿ ಲಿನಕ್ಸ್ ಮಿಂಟ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿಕೊಂಡರು. ಅದರ ಜೊತೆಗೇ, ವರ್ಡಿನ ಕೆಲಸಕ್ಕೆ, ಲಿಬ್ರೆಆಫೀಸ್ ಬಂತು. ಯಂತ್ರ ಮೊದಲಿಗಿಂತ ಚುರುಕಾಯಿತು, ಪ್ರಿಂಟರ್ ಕೂಡ ತಕರಾರಿಲ್ಲದೆ ಮಾತು ಕೇಳಿತು. ಆದರೆ ವರ್ಷಗಟ್ಟಲೆ ಕೂತು ಟೈಪು ಮಾಡಿಟ್ಟಿದ್ದ ಊರಿನ ಇತಿಹಾಸದ ಫೈಲು ತೆರೆದರೆ ಅದರಲ್ಲಿ ಕನ್ನಡವೇ ಇಲ್ಲ! ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ. ಪೇಟೆಯ ಕಂಪ್ಯೂಟರ್ ಅಂಗಡಿಯವನು “ವೈರಸ್ ಹೊಡೆದಿದೆ ಸರ್” ಅಂದನಂತೆ. ಪರಿಚಯದ ಇನ್ನೊಬ್ಬರು “ಪುಕ್ಕಟೆ ಸಾಫ್ಟ್‌ವೇರಿಗೆ ಕನ್ನಡ ಬರೋದಿಲ್ಲ, ನಾನು ಮೊದಲೇ ಹೇಳಿರಲಿಲ್ವಾ” ಅಂದರಂತೆ. ಇಬ್ಬರಲ್ಲಿ ಯಾರು ಸರಿ ಎಂಬುದು ಮೇಷ್ಟ್ರ ಪ್ರಶ್ನೆ.

ಇಬ್ಬರದೂ ತಪ್ಪು. ವೈರಸ್ಸಿನ ಮಾತನ್ನು ಮೊದಲು ಮುಗಿಸಿಬಿಡೋಣ. ಕಾರಣ ಗೊತ್ತಿಲ್ಲದ್ದಕ್ಕೆಲ್ಲ ವೈರಸ್ ಎನ್ನುವ ಚಾಳಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಕಂಪ್ಯೂಟರ್ ನಿಧಾನವಾಯಿತೆಂದು ಡೆಸ್ಕ್‌ಟಾಪಿನ ಮೇಲೆ ರೈಟ್ ಕ್ಲಿಕ್ ಮಾಡಿ ಮಾಡಿ ರಿಫ್ರೆಶ್ ಒತ್ತುವವರೂ ಇದೇ ಪಂಥದವರು. ರಿಫ್ರೆಶ್ ಒತ್ತಿದರೆ ತೆರೆಯ ಮೇಲಿನ ಐಕಾನ್‌ಗಳ ಪಟ್ಟಿಯನ್ನು ಯಂತ್ರ ಮತ್ತೊಮ್ಮೆ ಬರೆದುಕೊಳ್ಳುತ್ತದೆ, ಅಷ್ಟೇ. ಮೆಮೊರಿ ಖಾಲಿಯಾಗುವುದಿಲ್ಲ, ವೇಗ ಹೆಚ್ಚುವುದಿಲ್ಲ, ಒತ್ತಿದವರ ಮನಸ್ಸಿಗೆ ಮಾತ್ರ ಸಮಾಧಾನ. ಇಂಜಿನಿಯರಿಂಗ್ ಓದಿದವರೂ ಇದನ್ನು ಶ್ರದ್ಧೆಯಿಂದ ಮಾಡುವುದನ್ನು ಕಂಡು ನನಗೆ ರೇಗಿದೆ.

ಇನ್ನು ಆ ಪೌಂಡ್ ಚಿಹ್ನೆ. ಡಿಟಿಪಿ ಕೆಲಸ ಮಾಡಿದ ಯಾರಿಗೇ ಆದರೂ ಅದನ್ನು ನೋಡಿದೊಡನೆ ವಿಷಯ ಹೊಳೆಯುತ್ತದೆ: ಇದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕಡತ. ಮೇಷ್ಟ್ರು ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ, ತಮ್ಮ ಕಣ್ಣಿನಿಂದಲೇ ನೋಡಬಹುದು. ಈ ಮುಕ್ತ ತಂತ್ರಾಂಶಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದೂ ಇದೇ.

ಆ ಫೈಲನ್ನು ಲಿಬ್ರೆಆಫೀಸಿನಲ್ಲಿ ಅದರದೇ ಒಡಿಟಿ ರೂಪದಲ್ಲಿ ಸೇವ್ ಮಾಡಿ. ಒಂದು ನಕಲು ತೆಗೆದುಕೊಂಡು, ಹೆಸರಿನ ಕೊನೆಯ ಒಡಿಟಿ ಅಳಿಸಿ ಜಿಪ್ ಎಂದು ಬರೆಯಿರಿ. ಡಬಲ್ ಕ್ಲಿಕ್ ಮಾಡಿದರೆ ಬಿಚ್ಚಿಕೊಳ್ಳುತ್ತದೆ! ನಾವು ಒಂದು ಫೈಲು ಎಂದುಕೊಂಡಿದ್ದರ ಒಳಗೆ ಹಲವು ಫೈಲುಗಳು ಕೂತಿರುತ್ತವೆ. ಬರಹವೆಲ್ಲ ಕಂಟೆಂಟ್ ಡಾಟ್ ಎಕ್ಸ್ಎಂಎಲ್ ಎಂಬುದರಲ್ಲಿ, ಶೈಲಿಗಳು ಸ್ಟೈಲ್ಸ್ ಡಾಟ್ ಎಕ್ಸ್ಎಂಎಲ್‌ನಲ್ಲಿ, ಬರೆದವರ ಹೆಸರು ಮತ್ತು ದಿನಾಂಕ ಮೆಟಾದಲ್ಲಿ, ಹಾಕಿದ ಫೋಟೋಗಳೆಲ್ಲ ಪಿಕ್ಚರ್ಸ್ ಎಂಬ ಫೋಲ್ಡರಿನಲ್ಲಿ. ಮೈಕ್ರೋಸಾಫ್ಟಿನ ಡಾಕ್ಸ್ ಫೈಲನ್ನೂ ಹೀಗೆಯೇ ಬಿಚ್ಚಬಹುದು, ಅದೂ ಜಿಪ್ಪೇ. ಫೋಟೋ ಕಳಿಸಿ ಎಂದರೆ ವರ್ಡ್ ಫೈಲಿನಲ್ಲಿ ಅಂಟಿಸಿ ಕಳಿಸುವ ಪುಣ್ಯಾತ್ಮರಿದ್ದಾರಲ್ಲ, ಅಂಥ ಫೋಟೋಗಳನ್ನು ನಾನು ಹೊರತೆಗೆಯುವುದು ಈ ದಾರಿಯಲ್ಲೇ.

ಜಿಪ್ ಎಂದಾಗ ಒಂದು ಸ್ವಾರಸ್ಯ. ಒಡಿಟಿಯನ್ನೋ ಡಾಕ್ಸನ್ನೋ ಬರೀ ಅಕ್ಷರ ತೋರಿಸುವ ಸಾದಾ ಎಡಿಟರಿನಲ್ಲಿ ತೆರೆದರೆ ಅರ್ಥವಾಗದ ಗೀಚುಗಳ ಮೊದಲಿಗೆ ಎರಡು ಅಕ್ಷರ ಕಾಣುತ್ತವೆ: ಪಿ ಮತ್ತು ಕೆ. 1989ರಲ್ಲಿ ಜಿಪ್ ವಿಧಾನವನ್ನು ಹೊರತಂದ ಫಿಲ್ ಕಾಟ್ಜ್ ಎಂಬ ಅಮೆರಿಕನ್ನನ ಇನಿಶಿಯಲ್ಲುಗಳು ಇವು. ಆಂಡ್ರಾಯ್ಡ್ ಫೋನಿನ ಆ್ಯಪ್‌ಗಳ ಎಪಿಕೆ ಫೈಲಿನ ಹಣೆಯ ಮೇಲೂ ಇದೇ ಸಹಿ ಇರುತ್ತದೆ. ಕಾಟ್ಜ್ 2000ದಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡ.

ಒಡಿಟಿಯ ಒಳಗೆ ಏನೇನಿರಬೇಕು, ಎಲ್ಲಿರಬೇಕು ಎಂಬುದೆಲ್ಲ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಐಎಸ್ಒ 26300 ಎಂಬ ಸಂಖ್ಯೆಯಡಿ ಅಚ್ಚಾಗಿದೆ. ಸುಮಾರು 700 ಪುಟ. ಮೈಕ್ರೋಸಾಫ್ಟ್ ತನ್ನದನ್ನು 2008ರಲ್ಲಿ ಮಾನಕ ಮಾಡಿಸಿಕೊಂಡಿತು, ಅದು ಆರು ಸಾವಿರ ಪುಟ ದಾಟಿದ ಗ್ರಂಥ. ವರ್ಡಿನಲ್ಲಿ ಮಾಡಿದ ತೊಡಕಿನ ಕೋಷ್ಟಕಗಳು ಲಿಬ್ರೆಆಫೀಸಿಗೆ ಬಂದಾಗ ಅಲ್ಲಲ್ಲಿ ಜರುಗುವುದು ನಿಜ. ಆ ಪುಟಸಂಖ್ಯೆ ನೋಡಿದರೆ ಇಷ್ಟೇ ಜರುಗುತ್ತದಲ್ಲ ಎಂಬುದೇ ನನಗೆ ಆಶ್ಚರ್ಯ.

ಈಗ ಕಂಟೆಂಟ್ ಡಾಟ್ ಎಕ್ಸ್ಎಂಎಲ್ ತೆರೆಯಿರಿ. ಮೇಷ್ಟ್ರು ‘ಕನ್ನಡ’ ಎಂದು ಟೈಪು ಮಾಡಿದ ಕಡೆ ಇರುವುದು ಇದು: ದೊಡ್ಡ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರು ಬಳಸುವ ಬಿಯಂಥ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೊಮ್ಮೆ ಎ. ಯಂತ್ರದ ಲೆಕ್ಕದಲ್ಲಿ 80, 192, 163, 192, 223, 113, 192. ಅಂದರೆ ಫೈಲು ಕೆಟ್ಟಿಲ್ಲ. ಅದರಲ್ಲಿ ಮೊದಲಿನಿಂದಲೂ ಇದ್ದದ್ದೇ ಇದು. ನುಡಿಯ ಫಾಂಟಿನಲ್ಲಿ ಪಿ ಎಂಬ ಜಾಗದಲ್ಲಿ ‘ಕ’ದ ಮೈಯನ್ನು ಬಿಡಿಸಿಟ್ಟಿದ್ದಾರೆ, ಗೀಟಿನ ಎ ಜಾಗದಲ್ಲಿ ತಲೆಕಟ್ಟನ್ನು, ಪೌಂಡಿನ ಜಾಗದಲ್ಲಿ ‘ನ’ದ ಮೈಯನ್ನು, ಜರ್ಮನ್ ಅಕ್ಷರದ ಜಾಗದಲ್ಲಿ ನ ಒತ್ತನ್ನು. ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದ ಹಾಗೆ ಈ ತುಂಡುಗಳು ಸಾಲಾಗಿ ಕೂತಾಗ ನಮ್ಮ ಕಣ್ಣಿಗೆ ಕನ್ನಡ. ಮೊದಲಿದ್ದ ವಿಂಡೋಸಿನಲ್ಲಿ ನುಡಿ ಫಾಂಟ್ ಇತ್ತು, ಹೊಸದಾಗಿ ಹಾಕಿದ ಮಿಂಟ್‌ನಲ್ಲಿಲ್ಲ. ಫಾಂಟ್ ಇಲ್ಲದಿದ್ದಾಗ ಲಿಬ್ರೆಆಫೀಸ್ ಪಿ ಇದ್ದಲ್ಲಿ ಪಿ ತೋರಿಸಿತು. ನುಡಿ ಹಾಕಿರದ ಯಾವ ಹೊಸ ವಿಂಡೋಸ್ ಯಂತ್ರಕ್ಕೆ ಹಾಕಿದ್ದರೂ, ಸಾವಿರಾರು ರೂಪಾಯಿ ಕೊಟ್ಟು ಕೊಂಡ ವರ್ಡಿನಲ್ಲೂ, ಇದೇ ಗತಿ.

ನುಡಿ ಮಾಡಿದವರನ್ನು ಇದಕ್ಕಾಗಿ ಬೈಯುವುದು ಅನ್ಯಾಯ. ಆಗಿನ ಯಂತ್ರಗಳಲ್ಲಿ ಒಂದು ಫಾಂಟಿಗೆ ಸಿಗುತ್ತಿದ್ದುದೇ 256 ಮನೆ. ನಮ್ಮ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಅದರೊಳಗೆ ತುರುಕಬೇಕಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಇಲ್ಲದಿದ್ದರೆ ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡವನ್ನು ನೋಡುವ ಭಾಗ್ಯವೇ ಎಷ್ಟೋ ಜನಕ್ಕೆ ಸಿಗುತ್ತಿರಲಿಲ್ಲ. ಬೈಯಬೇಕಾದ್ದು, ಪ್ರತಿ ಲಿಪಿಯ ಅಕ್ಷರಗಳಿಗೂ ಸ್ವಂತ ಸಂಖ್ಯೆ ಕೊಡುವ ಯುನಿಕೋಡ್ ಬಂದು ನೆಲೆಯೂರಿದ ಮೇಲೂ ‘ನುಡಿ 01 ಇ’ ಫಾಂಟಿನಲ್ಲೇ ಕಳಿಸಿ ಎಂದು ಪಟ್ಟು ಹಿಡಿಯುವ ಕಚೇರಿಗಳನ್ನು.

ಯುನಿಕೋಡ್‌ನಲ್ಲಿ ‘ಕನ್ನಡ’ ಎಂದರೆ ಐದೇ ಸಂಖ್ಯೆ: 3221, 3240, 3277, 3240, 3233. ಕ, ನ, ಹಲಂತದ ಗುರುತು, ನ, ಡ. ತಲೆಕಟ್ಟಿಗೆ ಸಂಖ್ಯೆಯಿಲ್ಲ, ಒತ್ತಿಗೂ ಇಲ್ಲ. ಬಾಯಲ್ಲಿ ಹೇಳುವ ಕ್ರಮದಲ್ಲೇ ದಾಖಲೆ. ಕನ್ನಡಕ್ಕೆ ಈ ಸಂಖ್ಯೆಗಳು ಸಿಕ್ಕಿದ್ದು 1991ರ ಅಕ್ಟೋಬರಿನಲ್ಲಿ ಬಂದ ಯುನಿಕೋಡ್ 1.0ರಲ್ಲೇ. ಅದಕ್ಕೆ ಒಂದೇ ತಿಂಗಳ ಹಿಂದೆ ಹೆಲ್ಸಿಂಕಿಯಲ್ಲಿ 21ರ ಹುಡುಗ ಲಿನಸ್ ಟೋರ್ವಾಲ್ಡ್ಸ್ ತನ್ನ ಲಿನಕ್ಸಿನ ಮೊದಲ ಆವೃತ್ತಿಯನ್ನು ಊರಿಗೆಲ್ಲ ಹಂಚಿದ್ದ. ಆದರೆ ಸಂಖ್ಯೆ ಸಿಕ್ಕ ಮಾತ್ರಕ್ಕೆ ಅಕ್ಷರ ಮೂಡಲಿಲ್ಲ. ಆ ಐದು ಸಂಖ್ಯೆಗಳನ್ನು ನೋಡಿ, ಇಲ್ಲಿ ಒತ್ತು ಬರೆಯಬೇಕು ಎಂದು ತೀರ್ಮಾನಿಸುವ ಬುದ್ಧಿ ಯಂತ್ರಕ್ಕೆ ಬರಲು ಹತ್ತು ವರ್ಷದ ಮೇಲಾಯಿತು.

ಇದು ಎಂಥ ತಲೆನೋವಿನ ಕೆಲಸ ಎಂಬುದಕ್ಕೆ ನಮ್ಮ ಅರ್ಕಾವತ್ತೊಂದೇ ಸಾಕು. ‘ಸೂರ್ಯ’ ಎನ್ನುವಾಗ ರ್ ಮೊದಲು, ಯ ಆಮೇಲೆ. ಬರೆಯುವಾಗ ಯ ಮೊದಲು, ರ್ ಆಮೇಲೆ. ದೇವನಾಗರಿಯಲ್ಲಾದರೆ ಅದು ಅಕ್ಷರದ ನೆತ್ತಿಗೆ ಏರುತ್ತದೆ. ಹೀಗೆ ಒಂದೊಂದು ಲಿಪಿಯ ಹಟವನ್ನೂ ತಿಳಿದು ಅಕ್ಷರ ಕಟ್ಟುವ ತಂತ್ರಾಂಶದ ಹೆಸರು ಹಾರ್ಫ್‌ಬಝ್. ಬೆಹ್ದಾದ್ ಎಸ್ಫಹ್ಬೋದ್ ಎಂಬ ಇರಾನ್ ಮೂಲದ ತಂತ್ರಜ್ಞ ಇದರ ಮುಖ್ಯ ಕರ್ತೃ. ಇದೂ ಮುಕ್ತವೇ, ಯಾರು ಬೇಕಾದರೂ ಬಳಸಬಹುದು. ಲಿಬ್ರೆಆಫೀಸ್ 2017ರಿಂದ ಎಲ್ಲ ಬಗೆಯ ಯಂತ್ರಗಳಲ್ಲೂ ಇದನ್ನೇ ನೆಚ್ಚಿಕೊಂಡಿದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಕೂಡ ಅಷ್ಟೆ. ಪುಕ್ಕಟೆ ಸಾಫ್ಟ್‌ವೇರಿಗೆ ಕನ್ನಡ ಬರೋದಿಲ್ಲ ಎಂದ ಮಹನೀಯರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ, ಅವರು ದಿನಾ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಓದುವ ಕನ್ನಡ ಸುಭಾಷಿತವನ್ನು ಕಟ್ಟಿಕೊಡುತ್ತಿರುವುದು ಇದೇ ಪುಕ್ಕಟೆ ಸಾಫ್ಟ್‌ವೇರು!

ಹಾರ್ಫ್‌ಬಝ್‌ನ ಮೂಲ ಕೋಡಿನಲ್ಲಿ ಭಾರತೀಯ ಲಿಪಿಗಳಿಗೆಂದೇ ಒಂದು ಕಡತವಿದೆ, ಅದರಲ್ಲೊಂದು ಪಟ್ಟಿಯಿದೆ, ಪಟ್ಟಿಯಲ್ಲಿ ಕನ್ನಡದ್ದು ಒಂದು ಸಾಲು. ಅರ್ಕಾವತ್ತನ್ನು ಎಲ್ಲಿ ಕೂರಿಸಬೇಕು ಎಂಬ ಕಲಮಿನಲ್ಲಿ, ಉಳಿದ ಒತ್ತುಗಳೆಲ್ಲ ಆದ ಮೇಲೆ ಎಂಬ ಅರ್ಥದ ಸೂಚನೆ. ದೇವನಾಗರಿ, ಮಲಯಾಳಂ ಸಾಲುಗಳಲ್ಲಿ ಬೇರೆ ಸೂಚನೆ. ನಾನಂತೂ ಆ ಪಟ್ಟಿಯನ್ನು ಖುಷಿಯಿಂದ ಓದಿದೆ. ಅದು ತಪ್ಪಿದ್ದರೆ, ಕನ್ನಡ ಮತ್ತು ಪ್ರೋಗ್ರಾಮಿಂಗ್ ಎರಡೂ ಬಲ್ಲ ನಮ್ಮ ಯಾರಾದರೂ ಹುಡುಗಿ ತಿದ್ದುಪಡಿ ಬರೆದು ಕಳಿಸಬಹುದು. ಬಾಗಿಲು ಮುಚ್ಚಿದ ತಂತ್ರಾಂಶದಲ್ಲಾದರೆ ಅರ್ಜಿ ಹಾಕಿ ಕಾಯಬೇಕಿತ್ತು.

ಇದನ್ನೆಲ್ಲ ಪುಕ್ಕಟೆ ಮಾಡುವವರ ಹೊಟ್ಟೆಪಾಡೇನು ಎಂದೂ ಮೇಷ್ಟ್ರು ಕೇಳಿದ್ದಾರೆ. ಲಿನಕ್ಸಿನ ತಿರುಳಿನ ಬಹುಪಾಲು ಕೆಲಸ ಮಾಡುವವರು ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪನಿಗಳ ಸಂಬಳದ ಇಂಜಿನಿಯರುಗಳು. ಲಿನಕ್ಸ್ ನಂಬಿಯೇ ಬೆಳೆದ ರೆಡ್ ಹ್ಯಾಟನ್ನು ಐಬಿಎಂ 2019ರಲ್ಲಿ ಕೊಂಡದ್ದು 3,400 ಕೋಟಿ ಡಾಲರಿಗೆ. ಲಿಬ್ರೆಆಫೀಸಿನ ವಂಶಾವಳಿ ಇನ್ನೂ ತಮಾಷೆಯದು. ಜರ್ಮನಿಯ ಲ್ಯೂನೆಬುರ್ಗ್ ಎಂಬ ಊರಿನಲ್ಲಿ ಹದಿಹರೆಯದ ಹುಡುಗ ಮಾರ್ಕೊ ಬ್ಯೋರಿಸ್ 1985ರಲ್ಲಿ ಶುರುಮಾಡಿದ ಕಂಪನಿಯ ಸರಕು ಇದು. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಆ ಕಂಪನಿಯನ್ನೇ ಕೊಂಡಿತು. ತನ್ನ ಸುಮಾರು 42,000 ನೌಕರರಿಗೆ ಮೈಕ್ರೋಸಾಫ್ಟ್ ಆಫೀಸಿನ ಪರವಾನಗಿ ಕೊಳ್ಳುವುದಕ್ಕಿಂತ ಇಡೀ ಕಂಪನಿಯನ್ನು ಕೊಳ್ಳುವುದೇ ಅಗ್ಗವಾಗಿತ್ತು ಎಂದು ಸನ್‌ನಲ್ಲಿದ್ದ ಸೈಮನ್ ಫಿಪ್ಸ್ ಆಮೇಲೆ ಹೇಳಿದ್ದುಂಟು. ಸನ್ ಮುಂದಿನ ವರ್ಷವೇ ಮೂಲ ಕೋಡನ್ನು ಜಗತ್ತಿಗೆ ಬಿಟ್ಟುಕೊಟ್ಟಿತು. 2010ರಲ್ಲಿ ಸನ್ ಒರೇಕಲ್ ಪಾಲಾದಾಗ ದಿಗಿಲುಗೊಂಡ ಕೋಡು ಬರೆಯುವವರು ಸೆಪ್ಟೆಂಬರಿನಲ್ಲಿ ಕೋಡಿನ ಸಮೇತ ಬೇರೆ ಮನೆ ಹೂಡಿದರು, ಅದೇ ಲಿಬ್ರೆಆಫೀಸ್. ಕಂಪನಿ ಕೈ ಬದಲಾದರೂ ಕೋಡು ಯಾರ ಪೆಟ್ಟಿಗೆಯಲ್ಲೂ ಬೀಗ ಹಾಕಿಸಿಕೊಂಡು ಕೂರಲಿಲ್ಲ.

ಮೇಷ್ಟ್ರ ಇತಿಹಾಸಕ್ಕೆ ಬರೋಣ. ತಕ್ಷಣ ಓದಬೇಕೆಂದರೆ ಮೊದಲು ಬಳಸುತ್ತಿದ್ದ ನುಡಿ ಫಾಂಟ್ ಫೈಲುಗಳನ್ನು ಮಿಂಟ್‌ಗೆ ತಂದು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದರೆ ಸಾಮಾನ್ಯವಾಗಿ ಕನ್ನಡ ಮರಳುತ್ತದೆ. ಆದರೆ ಅದು ಕಣ್ಣಿಗಷ್ಟೇ ಕನ್ನಡ. ಯುನಿಕೋಡ್ ಕೀಲಿಮಣೆಯಿಂದ ‘ಬನವಾಸಿ’ ಎಂದು ಹುಡುಕಿದರೆ ಒಂದೂ ಸಿಗದು. ಶಾಶ್ವತ ಪರಿಹಾರ ಯುನಿಕೋಡ್‌ಗೆ ಪರಿವರ್ತನೆ. ಅದಕ್ಕೂ ಕನ್ನಡದವರೇ ಬರೆದ ಮುಕ್ತ ಪರಿವರ್ತಕಗಳಿವೆ. ಓದಲು ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳೂ ಇವೆ. ಪರಿವರ್ತಕಕ್ಕೆ ಬೆವರಿಳಿಯುವುದು ಮತ್ತೆ ಅರ್ಕಾವತ್ತಿನಲ್ಲೇ. ‘ಮರ್ತ್ಯ’ ಪದದಲ್ಲಿ ನುಡಿ ಅದನ್ನು ಕಂಡ ಕ್ರಮದಲ್ಲಿ, ಯ ಒತ್ತಿನ ಆಚೆ ಕೊನೆಗಿಟ್ಟಿರುತ್ತದೆ. ಪರಿವರ್ತಕ ಅದನ್ನು ಎತ್ತಿಕೊಂಡು ಒತ್ತನ್ನು ದಾಟಿ, ತ ದಾಟಿ ಹಿಂದಕ್ಕೆ ನಡೆದು ಮ ಪಕ್ಕ ಇಳಿಸಬೇಕು.

ಪರಿವರ್ತಿಸುವ ಮೊದಲು ಇಂಗ್ಲಿಷ್ ಪದಗಳತ್ತ ಒಂದು ಕಣ್ಣಿಡಿ. ಫೈಲಿನಿಂದ ಬರಹವನ್ನು ಕಾಪಿ ಮಾಡಿ ಪರಿವರ್ತಕದಲ್ಲಿ ಅಂಟಿಸಿದಾಗ ಯಾವುದು ಯಾವ ಫಾಂಟಿನಲ್ಲಿತ್ತು ಎಂಬ ಮಾಹಿತಿ ಕಳಚಿಹೋಗುತ್ತದೆ. ಪರಿವರ್ತಕ ಬ್ರಿಟಿಷ್ ಕಲೆಕ್ಟರನ ಹೆಸರನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಒತ್ತಕ್ಷರಗಳ ರಾಶಿ ಮಾಡಿಡುತ್ತದೆ. ಮೂಲ ಫೈಲಿನಲ್ಲಿ ಮಾತ್ರ ಪ್ರತಿ ತುಂಡಿನ ಫಾಂಟಿನ ಹೆಸರೂ ನಮೂದಾಗಿರುತ್ತದೆ. ಲಿಬ್ರೆಆಫೀಸಿನ ಹುಡುಕು-ಬದಲಿಸು ಕಿಟಕಿಯಲ್ಲಿ ಫಾರ್ಮ್ಯಾಟ್ ಗುಂಡಿ ಒತ್ತಿ ಇಂಗ್ಲಿಷ್ ಫಾಂಟಿನ ಹೆಸರು ಕೊಟ್ಟರೆ ಅಂಥ ಪದಗಳನ್ನಷ್ಟೇ ಆರಿಸಿ ತೋರಿಸುತ್ತದೆ. ಅವನ್ನು ಪಕ್ಕದಲ್ಲಿ ಪಟ್ಟಿ ಮಾಡಿಟ್ಟುಕೊಂಡು, ಒಂದೊಂದೇ ಅಧ್ಯಾಯ ಪರಿವರ್ತಿಸುತ್ತಾ ಹೋಗಿ. ಹಳೆಯ ಫೈಲನ್ನು ಮಾತ್ರ ಅಳಿಸಬೇಡಿ.