ಡಬ್ಬಿಯ ಹಿಂದಿನ ಸಣ್ಣಕ್ಷರ

ದಾವಣಗೆರೆ ಪಿ.ಜೆ. ಬಡಾವಣೆಯ ರಾಂ ಅಂಡ್ ಕೋ ವೃತ್ತ. ಬೆಣ್ಣೆ ದೋಸೆಯ ವಾಸನೆ ದಾಟಿ ಮೆಡಿಕಲ್ ಶಾಪೊಂದಕ್ಕೆ ಹೋದೆ. ಕೌಂಟರಿನ ಮೇಲೆ ಅಶ್ವಗಂಧದ ಡಬ್ಬಿ. ಬಸುರಿಯರು ತಗೋಬಹುದೇ ಎಂದೆ. "ಬೇರಿಂದು ಸರ, ಏನೂ ಆಗಲ್ಲ" ಎಂದ ಹುಡುಗ. ಡಬ್ಬಿ ತಿರುಗಿಸಿದರೆ ಸಣ್ಣಕ್ಷರದಲ್ಲಿ ಬೇರೆಯೇ ಮಾತು: ಗರ್ಭಿಣಿಯರು ವೈದ್ಯರನ್ನು ಕೇಳಿ ಬಳಸಿ. ಕೊಂಡು ಜೇಬಿಗಿಳಿಸಿ, ಇದೇ ಊರಿನ ಔಷಧಶಾಸ್ತ್ರ ಪ್ರಯೋಗಾಲಯವೊಂದರ ಮೆಟ್ಟಿಲು ಹತ್ತಿದೆ.

ಮೊದಲ ಮೇಜಿನಲ್ಲಿ ಸೂಕ್ಷ್ಮದರ್ಶಕ. ಹೆಣ್ಣಿಲಿಯ ಋತುಚಕ್ರ 4-5 ದಿನದ್ದು. ಮೂಲಿಕೆ ಕೊಟ್ಟ ಇಲಿಗಳ ಯೋನಿಸ್ರಾವದ ಹನಿಯನ್ನು ದಿನವೂ ಗಾಜಿಗೆ ಸವರಿ ಜೀವಕೋಶಗಳ ಆಕಾರ ನೋಡುತ್ತಾರೆ; ಚಕ್ರ ಏರುಪೇರಾದರೆ ಮೂಲಿಕೆ ಹಾರ್ಮೋನಿಗೆ ಕೈ ಹಾಕಿದೆ ಎಂಬ ಅನುಮಾನ. ರಕ್ತಕಣ ಎಣಿಸುವ ಚೌಕಳಿ ಗಾಜಿನಲ್ಲೇ ಗಂಡಿಲಿಯ ವೀರ್ಯಾಣುಗಳ ಲೆಕ್ಕ.

ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಈ ಊರಿನಲ್ಲಿ ಆ ಲೆಕ್ಕ ನನಗೆ ಹತ್ತಿಕಾಳನ್ನು ನೆನಪಿಸಿತು. ಶುದ್ಧೀಕರಿಸದ ಹತ್ತಿಕಾಳಿನ ಎಣ್ಣೆಯಲ್ಲಿ ಅಡುಗೆ ಮಾಡುತ್ತಿದ್ದ ಚೀನಾದ ಕೆಲವು ಹಳ್ಳಿಗಳಲ್ಲಿ ಮಕ್ಕಳಾಗುವುದೇ ನಿಂತಿತ್ತು. ಕಾರಣ ಆ ಎಣ್ಣೆಯಲ್ಲಿದ್ದ ಗಾಸಿಪಾಲ್ ಎಂಬ ವಸ್ತು. 1970ರ ದಶಕದಲ್ಲಿ ಅದನ್ನೇ ಗಂಡಸರ ಗರ್ಭನಿರೋಧಕವಾಗಿ 8,000ಕ್ಕೂ ಹೆಚ್ಚು ಮಂದಿಗೆ ಕೊಟ್ಟು ನೋಡಿದರು. ಕೆಲವರ ರಕ್ತದಲ್ಲಿ ಪೊಟ್ಯಾಸಿಯಂ ಕುಸಿಯಿತು, ಕೆಲವರಿಗೆ ಮಾತ್ರೆ ಬಿಟ್ಟರೂ ವೀರ್ಯಾಣು ಮರಳಲಿಲ್ಲ. ಅದೂ ಗಿಡದ್ದೇ ತಾನೆ!

ಒಳಕೋಣೆಯ ಸೀಸೆಯ ಮುಂದೆ ಹೆಚ್ಚು ಹೊತ್ತು ನಿಂತೆ. ಬೆರಳಿನ ಗೆಣ್ಣಿನಷ್ಟು ಇಲಿಮರಿ, ಮಾಂಸ ಗಾಜಿನಂತೆ ತಿಳಿ, ಅಲಿಜರಿನ್ ಬಣ್ಣ ಹೀರಿದ ಮೂಳೆಗಳು ಕಡುಗೆಂಪು. ಪಕ್ಕೆಲುಬನ್ನು ಒಂದೊಂದಾಗಿ ಎಣಿಸಬಹುದು. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 414ನೇ ಪರೀಕ್ಷಾ ಮಾರ್ಗಸೂಚಿಯಂತೆ ಮದ್ದಿನ ಮೂರು ಪ್ರಮಾಣಗಳ ಮೂರು ಗುಂಪು, ಮದ್ದಿಲ್ಲದ ಒಂದು ಗುಂಪು, ಗುಂಪಿಗೆ ಸುಮಾರು 20 ಬಸುರಿ ಇಲಿ. ಇಲಿಯ ಬಸಿರು 21-22 ದಿನ. ಹೆರಿಗೆಗೆ ಮುಂಚೆಯೇ ಗರ್ಭಕೋಶ ತೆರೆಯುತ್ತಾರೆ. ಅಂಡ ಹೊರಬಿದ್ದ ಕಡೆ ಅಂಡಾಶಯದಲ್ಲಿ ಉಳಿವ ಹಳದಿ ಗಂಟುಗಳೆಷ್ಟು, ಗರ್ಭ ಕಚ್ಚಿದ ಗುರುತುಗಳೆಷ್ಟು, ಬದುಕಿದ ಮರಿಗಳೆಷ್ಟು? ಗಂಟಿಗಿಂತ ಗುರುತು ಕಡಿಮೆಯಾದರೆ ನಷ್ಟ ಗರ್ಭ ಕಚ್ಚುವ ಮೊದಲೇ. ಗುರುತಿಗಿಂತ ಮರಿ ಕಡಿಮೆಯಾದರೆ ಆಮೇಲೆ. ಇಲಿಗಳ ಸಂಕಟ ನೆನೆದರೆ ಮನಸ್ಸು ಹಿಂಜರಿಯುತ್ತದೆ. ಆದರೂ ಈ ಲೆಕ್ಕವನ್ನು ಬಸುರಿ ಹೆಂಗಸಿನ ಮೇಲೆ ಹಾಕುವಂತಿಲ್ಲ.

ಆದರೆ ಇಂಥ ಪರೀಕ್ಷೆ ಎಲ್ಲ ಮದ್ದಿಗೂ ಕಡ್ಡಾಯವಲ್ಲ. ಗ್ರಂಥದಲ್ಲಿ ಹೇಳಿದಂತೆಯೇ ತಯಾರಿಸಿದ ಆಯುರ್ವೇದ ಔಷಧಕ್ಕೆ ನಮ್ಮ ದೇಶದ ಔಷಧ ನಿಯಮಾವಳಿಯ 158-ಬಿ ನಿಯಮ ಸುರಕ್ಷತಾ ಅಧ್ಯಯನ ಕೇಳುವುದಿಲ್ಲ. ಸಾರ ತೆಗೆದದ್ದಾದರೆ ದ್ರಾವಕ ಯಾವುದೆಂಬುದರ ಮೇಲೆ ಯಾವ ಅಧ್ಯಯನ ಬೇಕೆಂಬ ಲೆಕ್ಕ ಬದಲಾಗುತ್ತದೆ. ಜೇಬಿನ ಡಬ್ಬಿ ತೆಗೆದು ಹುಡುಕಿದೆ. 'ಎಕ್ಸ್‌ಟ್ರಾಕ್ಟ್' ಎಂದಷ್ಟೇ ಇತ್ತು.