ತೇವದ ದಿನ ಕಾರಿನ ಕಿಡಿ ಎಲ್ಲಿಗೆ ಹೋಗುತ್ತದೆ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ – ಇವು ಮಲೆನಾಡಿನ ಊರುಗಳಲ್ಲ. ವರ್ಷದ ಬಹುಭಾಗ ಒಣಹವೆ, ಬೇಸಗೆಯಲ್ಲಿ ಎರೆಮಣ್ಣಿನ ಧೂಳು. ಆದರೂ ಜಿಟಿಜಿಟಿ ಮಳೆ ಹಿಡಿದ ಬೆಳಗಿನಲ್ಲಿ, ಇಲ್ಲವೇ ಕಪ್ಪತಗುಡ್ಡದ ಮೇಲೆ ಮಂಜು ಇಳಿದ ದಿನ, ಇಲ್ಲಿನ ಗ್ಯಾರೇಜುಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ: ‘ನಿನ್ನೆ ಸಂಜೀತನಕ ಚೊಲೋ ಇತ್ತರೀ, ಮುಂಜಾನೆ ಎಷ್ಟು ಸೆಲ್ಫ್ ಹೊಡದ್ರೂ ಚಾಲೂ ಆಗವಲ್ದು.’

ದೂರು ಹೆಚ್ಚಾಗಿ ಹಳೆಯ ಪೆಟ್ರೋಲ್ ವಾಹನಗಳದು: ಕಾರ್ಬ್ಯುರೇಟರ್ ಕಾಲದ ಮಾರುತಿ 800, ಓಮ್ನಿ, ಅಲ್ಲೊಂದು ಇಲ್ಲೊಂದು ಉಳಿದಿರುವ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ. ಪಕ್ಕದಲ್ಲೇ ರಾತ್ರಿಯಿಡೀ ನೆನೆದ ಡೀಸೆಲ್ ಟೆಂಪೋ ಯಾವ ತಕರಾರೂ ಇಲ್ಲದೆ ಹೊರಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಸಂಪೀಡನೆಯಿಂದ ಕಾದ ಗಾಳಿಯೇ ಇಂಧನವನ್ನು ಹೊತ್ತಿಸುತ್ತದೆ. ಹಾಗಾಗಿ ತೇವದ ಕಾಟ ಮುಖ್ಯವಾಗಿ ಕಿಡಿಯ ಕಾಟ.

ಕಿಡಿ ಹುಟ್ಟುವ ಬಗೆಯನ್ನು ನೋಡೋಣ. ಪ್ಲಗ್ಗಿನ ತುದಿಯಲ್ಲಿರುವ ಅಂತರ ಸುಮಾರು 0.8 ಮಿಲಿಮೀಟರ್. ಸಾಮಾನ್ಯ ಒತ್ತಡದ ಗಾಳಿಯಲ್ಲಿ ಇದನ್ನು ದಾಟಲು ಮೂರು-ನಾಲ್ಕು ಸಾವಿರ ವೋಲ್ಟ್ ಸಾಕು. ಆದರೆ ಸಿಲಿಂಡರಿನೊಳಗೆ ಗಾಳಿ ಎಂಟು-ಒಂಬತ್ತು ಪಟ್ಟು ಸಂಪೀಡನೆಗೊಂಡಿರುತ್ತದೆ. ಅಣುಗಳು ಒತ್ತೊತ್ತಾಗಿರುವುದರಿಂದ ಎಲೆಕ್ಟ್ರಾನುಗಳಿಗೆ ವೇಗ ಪಡೆಯಲು ಜಾಗ ಸಾಲದು. ಆಗ 10ರಿಂದ 15 ಸಾವಿರ ವೋಲ್ಟ್ ಬೇಕು. ಇದನ್ನು 12 ವೋಲ್ಟಿನ ಬ್ಯಾಟರಿಯಿಂದ ಪಡೆಯುವ ಸಾಧನವೇ ಇಗ್ನಿಷನ್ ಕಾಯಿಲ್, ಅಂದರೆ ತರಗತಿಯಲ್ಲಿ ನೀವು ಕಲಿಸುವ ಪ್ರೇರಣಾ ಸುರುಳಿ. ಪ್ರಾಥಮಿಕ ಸುರುಳಿಯ ಸುಮಾರು 4 ಆಂಪಿಯರ್ ಪ್ರವಾಹವನ್ನು ಫಕ್ಕನೆ ಕಡಿದಾಗ, ನೂರು ಪಟ್ಟು ಹೆಚ್ಚು ಸುತ್ತುಗಳಿರುವ ದ್ವಿತೀಯ ಸುರುಳಿಯಲ್ಲಿ ಉಚ್ಚ ವಿಭವ ಪ್ರೇರಿತವಾಗುತ್ತದೆ. ಮೂರು ಸಿಲಿಂಡರಿನ ಮಾರುತಿ 800 ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಇದು ಸೆಕೆಂಡಿಗೆ 75 ಸಲ ನಡೆಯಬೇಕು.

ಇಲ್ಲಿಯೇ ಒಂದು ಮಿತಿಯಿದೆ. ವಿಭವ ನೂರು ಪಟ್ಟು ಏರಿದರೆ ಪ್ರವಾಹ ನೂರು ಪಟ್ಟು ಇಳಿಯುತ್ತದೆ. 4 ಆಂಪಿಯರಿಗೆ ಪ್ರತಿಯಾಗಿ ದ್ವಿತೀಯದಲ್ಲಿ ದೊರೆಯುವುದು ಹೆಚ್ಚೆಂದರೆ 40 ಮಿಲಿಆಂಪಿಯರ್. ಈಗ ಒದ್ದೆಯಾದ ಪ್ಲಗ್ ವೈರಿನ ಅಥವಾ ಡಿಸ್ಟ್ರಿಬ್ಯೂಟರ್ ಮುಚ್ಚಳದ ಮೇಲ್ಮೈಯಲ್ಲಿ ಎಂಜಿನ್ನಿನ ಲೋಹಕ್ಕೆ 2.5 ಲಕ್ಷ ಓಮ್ ರೋಧದ ಒಂದು ಸೋರಿಕೆಯ ದಾರಿ ಆಗಿದೆ ಎನ್ನೋಣ. ಓಮನ ನಿಯಮವನ್ನು ಹಚ್ಚಿ: 40 ಮಿಲಿಆಂಪಿಯರ್ ಪೂರ್ತಿ ಅಲ್ಲೇ ಹರಿದರೂ ವಿಭವ 10 ಸಾವಿರ ವೋಲ್ಟನ್ನು ಮೀರಲಾರದು. ಪ್ಲಗ್ಗಿಗೆ 12 ಸಾವಿರ ಬೇಕಿದ್ದರೆ ಕಿಡಿ ಹಾರುವುದೇ ಇಲ್ಲ. ತೂತು ಬಿದ್ದ ಕೊಡದಲ್ಲಿ ನೀರು ಕಂಠದವರೆಗೆ ಏರದ ಹಾಗೆ.

ಇದೇ 2.5 ಲಕ್ಷ ಓಮ್ ಮನೆಯ 230 ವೋಲ್ಟಿನಲ್ಲಿ ಒಂದು ಮಿಲಿಆಂಪಿಯರನ್ನೂ ಹರಿಯಗೊಡುವುದಿಲ್ಲ. ಮಲ್ಟಿಮೀಟರಂತೂ ಅಳೆಯುವುದು ಕೆಲವೇ ವೋಲ್ಟಿನಲ್ಲಿ. ಮೀಟರ್ ಹಚ್ಚಿ ‘ಎಲ್ಲಾ ಸರಿ ಐತಿ’ ಎಂದು, ಕೊನೆಗೆ ಚೆನ್ನಾಗಿದ್ದ ಕಾಯಿಲನ್ನೇ ಬದಲಿಸಿ ಹಣ ಕಳೆದುಕೊಳ್ಳುವುದು ಹೀಗೆ. ಮೀಟರಿನಿಂದ ತುಂಡಾದ ಪ್ಲಗ್ ವೈರನ್ನು ಪತ್ತೆ ಮಾಡಬಹುದು. ಉಚ್ಚ ವಿಭವದ ಸೋರಿಕೆಯನ್ನು ಹಿಡಿಯುವುದು ಅದರ ಕೆಲಸವಲ್ಲ.

ಹಾಗಾದರೆ ನೀರೇ ಅಪರಾಧಿಯೇ? ಅರ್ಧ ಮಾತ್ರ. ಶುದ್ಧ ನೀರು ಬಹಳ ಕಳಪೆ ವಾಹಕ. ಬೇಸಗೆಯಿಡೀ ಬಾನೆಟ್ಟಿನ ಕೆಳಗೆ ಕೂತ ಧೂಳು ಮತ್ತು ಎಣ್ಣೆಯ ಜಿಡ್ಡು ತೇವವನ್ನು ಹಿಡಿದಿಡುತ್ತವೆ. ಧೂಳಿನ ಲವಣಗಳು ಕರಗಿ ಅಯಾನುಗಳಾಗುತ್ತವೆ. ಆ ಪೊರೆಯೇ ವಾಹಕ. ವಿದ್ಯುತ್ ಕಂಬಗಳ ಪಿಂಗಾಣಿ ಅವಾಹಕಗಳಲ್ಲೂ ಇದೇ ಕಥೆ. ಜೋರು ಮಳೆ ಅವುಗಳನ್ನು ತೊಳೆದುಬಿಡುತ್ತದೆ. ಕಾಟ ಕೊಡುವುದು ಧೂಳಿನ ಮೇಲೆ ಬಿದ್ದ ತುಂತುರು ಮತ್ತು ಮಂಜು. ಮಂಜಿನ ಬೆಳಿಗ್ಗೆ ಹೈಟೆನ್ಷನ್ ತಂತಿಗಳ ಕೆಳಗೆ ಕೇಳಿಸುವ ‘ಚರಚರ’ ಸದ್ದನ್ನು ನೆನಪಿಸಿಕೊಳ್ಳಿ. ಒಣನಾಡಿನ ಕಾರಿಗೆ ಮೊದಲ ತುಂತುರೇ ಹೆಚ್ಚು ಪೀಡೆ ಎಂಬುದು ಇದರಿಂದ ಅರ್ಥವಾದೀತು. ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲಿನ ಬಳೆಗಳನ್ನೂ ಗಮನಿಸಿ. ಸೋರಿಕೆಯ ದಾರಿಯನ್ನು ಉದ್ದ ಮಾಡಲೆಂದೇ ಅವು ಇರುವುದು.

ಮಳೆಯೇ ಬೇಕೆಂದೂ ಇಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. 18 ಡಿಗ್ರಿಯಲ್ಲಿ 15 ಗ್ರಾಂ ಮಾತ್ರ. ಸಂಜೆ 25 ಡಿಗ್ರಿಯಲ್ಲಿ ಸಾಪೇಕ್ಷ ಆರ್ದ್ರತೆ ಶೇಕಡಾ 80 ಇದ್ದು, ನಸುಕಿಗೆ ಉಷ್ಣತೆ 18ಕ್ಕೆ ಇಳಿದರೆ ಘನಮೀಟರಿಗೆ ಸುಮಾರು 3 ಗ್ರಾಂ ಇಬ್ಬನಿಯಾಗಿ ಇಳಿಯಬೇಕು. ಬಯಲಲ್ಲಿ ನಿಂತ ಕಾರಿನ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೂ ಅದು ಇಳಿಯುತ್ತದೆ. ಹೊರಗೆ ಒರೆಸಿದರೂ ಕಾರು ಏಳದಿದ್ದರೆ ಕಾರಣ ಒಳಗಿರಬಹುದು.

ಇನ್ನೊಂದು ಒಗಟು. ಸೆಲ್ಫಿಗೆ ಏಳದ ಕಾರು ನಾಲ್ಕು ಜನ ತಳ್ಳಿದರೆ ಏಳುತ್ತದೆ, ಏಕೆ? ಸ್ಟಾರ್ಟರ್ ಮೋಟಾರು ನೂರಾರು ಆಂಪಿಯರ್ ಎಳೆಯುವಾಗ ದುರ್ಬಲ ಬ್ಯಾಟರಿಯ ವಿಭವ 12ರಿಂದ 9 ವೋಲ್ಟಿಗೆ ಕುಸಿಯಬಹುದು. ಸರಳ ಕಾಯಿಲಿನಲ್ಲಿ ಪ್ರವಾಹವೂ ಮುಕ್ಕಾಲಾಗುತ್ತದೆ. ಕಾಯಿಲಿನ ಶಕ್ತಿ ಪ್ರವಾಹದ ವರ್ಗಕ್ಕೆ ಅನುಪಾತೀಯ. ಆದ್ದರಿಂದ ಉಳಿಯುವುದು 9/16, ಅರ್ಧಕ್ಕಿಂತ ತುಸು ಹೆಚ್ಚು. ತಳ್ಳುವಾಗ ಬ್ಯಾಟರಿ ಪೂರ್ತಿಯಾಗಿ ಕಾಯಿಲಿಗೇ ಮೀಸಲು. ಅಂದರೆ ಸೋರಿಕೆಯೂ ಸೊರಗಿದ ಬ್ಯಾಟರಿಯೂ ಕೂಡಿದಾಗಲೇ ಕಾರು ಹಟ ಹಿಡಿಯುವುದು. ಪದೇ ಪದೇ ಸೆಲ್ಫ್ ಹೊಡೆಯುವವರು ಬ್ಯಾಟರಿಯನ್ನು ಇನ್ನಷ್ಟು ಇಳಿಸಿ, ಪ್ಲಗ್ಗುಗಳನ್ನು ಪೆಟ್ರೋಲಿನಲ್ಲಿ ತೋಯಿಸಿ, ತಮ್ಮ ಕಷ್ಟವನ್ನು ತಾವೇ ಹೆಚ್ಚಿಸಿಕೊಳ್ಳುತ್ತಾರೆ.

ದೋಷ ಹುಡುಕುವಾಗ ಮೊದಲು ಕಿವಿಗೊಡಿ. ಸೆಲ್ಫ್ ತಿರುಗುವುದೇ ಇಲ್ಲವೆಂದರೆ ಬ್ಯಾಟರಿ, ಟರ್ಮಿನಲ್ ನೋಡಿ. ಕಿಡಿಯ ವಿಚಾರ ಆಮೇಲೆ. ತಿರುಗಿಯೂ ಹೊತ್ತದಿದ್ದರೆ ಸ್ವಿಚ್ ಆರಿಸಿ ಒಂದು ಪ್ಲಗ್ ಬಿಚ್ಚಿ. ಪೆಟ್ರೋಲಿನಿಂದ ತೊಯ್ದಿದ್ದರೆ ಇಂಧನ ಬರುತ್ತಿದೆ, ಕಿಡಿಯ ಮೇಲೆ ಅನುಮಾನ ಸಕಾರಣ. ಒಣಗಿದ್ದರೆ ಪೆಟ್ರೋಲಿನ ದಾರಿ ಹುಡುಕಬೇಕು. ಎಂಜಿನ್ ಎದ್ದು ನಡುಗುತ್ತಾ ‘ಮಿಸ್ಸಿಂಗ್’ ಹೊಡೆದರೆ ದೋಷ ಒಂದು ಸಿಲಿಂಡರಿನದು, ಅಂದರೆ ಆ ಪ್ಲಗ್ಗು ಇಲ್ಲವೇ ಅದರ ವೈರು. ಏಳುವುದೇ ಇಲ್ಲವೆಂದರೆ ಎಲ್ಲ ಸಿಲಿಂಡರಿಗೂ ಸಮಾನವಾದ ಭಾಗ, ಅಂದರೆ ಕಾಯಿಲಿನ ತಲೆ, ಅಲ್ಲಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ನಡುವಿನ ವೈರು, ಮುಚ್ಚಳ. ಗ್ಯಾಸ್ ಕಿಟ್ ಹಾಕಿದ ಓಮ್ನಿಯಲ್ಲಿ ಮತ್ತೊಂದು ಸುಳಿವು ಸಿಗುತ್ತದೆ. ಅನಿಲ ಇಂಧನಕ್ಕೆ ಪೆಟ್ರೋಲಿಗಿಂತ ಹೆಚ್ಚು ವಿಭವದ ಕಿಡಿ ಬೇಕು. ಪೆಟ್ರೋಲಿನಲ್ಲಿ ನೆಟ್ಟಗೆ ಓಡಿ ಗ್ಯಾಸಿನಲ್ಲಿ ಮುಗ್ಗರಿಸಿದರೆ ಅವಾಹಕಗಳ ಕಡೆ ನೋಡಿ. ಮಕ್ಕಳನ್ನು ಶಾಲೆಗೆ ಒಯ್ಯುವ ಗಾಡಿಯಾದರೆ ಈ ಮುಗ್ಗರಿಕೆಯನ್ನು ನಾಳೆಗೆಂದು ಬಿಡಬೇಡಿ. ರೈಲ್ವೆ ಗೇಟಿನ ಮೇಲೆ ಎಂಜಿನ್ ನಿಂತರೆ ಗತಿಯೇನು?

ಒಣಬಟ್ಟೆಯಿಂದ ಕಾಯಿಲ್, ವೈರು, ಮುಚ್ಚಳದ ಒಳ-ಹೊರಗನ್ನು ಒರೆಸಿದಾಗ ಕಾರು ಎದ್ದರೆ ರೋಗನಿರ್ಣಯವೂ ಆಯಿತು, ಚಿಕಿತ್ಸೆಯೂ ಆಯಿತು. ನೀರನ್ನು ಹೊರದೂಡುವ ಸ್ಪ್ರೇಗಳೂ ಉಂಟು. 1953ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಡಬ್ಲ್ಯುಡಿ-40ರ ಹೆಸರಿನಲ್ಲೇ ನೀರು ಹೊರದೂಡುವ ನಲವತ್ತನೆಯ ಯತ್ನ ಎಂಬ ಅರ್ಥವಿದೆ. ಅದು ಹೊತ್ತಿಕೊಳ್ಳುವ ವಸ್ತು. ಪೂರ್ತಿ ಆರುವವರೆಗೆ ಚಾಲೂ ಮಾಡಬಾರದು.

ಒರೆಸಿದರೂ ಕಾಟ ಮರುಕಳಿಸಿದರೆ ಮುಚ್ಚಳದ ಒಳಗೋಡೆಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಇದೆಯೇ ನೋಡಿ. ಸೋರಿಕೆಯ ಕಿಡಿ ಪ್ಲಾಸ್ಟಿಕ್ಕನ್ನು ಸುಟ್ಟು ಇಂಗಾಲವಾಗಿಸಿರುತ್ತದೆ. ನೀರು ಆರುತ್ತದೆ, ಇಂಗಾಲ ಆರುವುದಿಲ್ಲ. ಮುಚ್ಚಳ ಬದಲಿಸಲೇಬೇಕು. ಗೆರೆ ಕಾಣದಿದ್ದರೆ ರಾತ್ರಿ ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗ ವೈರುಗಳ ಮೇಲೆ ನೀರನ್ನು ಮಂಜಿನಂತೆ ತುಸುವೇ ಸಿಂಪಡಿಸಿ. ಸೋರುವ ಕಡೆ ನೀಲಿ ಹೊಳಪು ಕಾಣುತ್ತದೆ. ಪೆಟ್ರೋಲ್ ವಾಸನೆ ಇದ್ದರೆ ಈ ಪರೀಕ್ಷೆ ಬೇಡ. ವೈರನ್ನು ಮುಟ್ಟಬೇಡಿ, ಫ್ಯಾನಿನಿಂದ ದೂರವಿರಿ. ವಿದ್ಯಾರ್ಥಿಗಳನ್ನು ಬಾನೆಟ್ಟಿನ ಹತ್ತಿರ ಬಿಡಲೇಬೇಡಿ.

ಹೊಸ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ. ಪ್ರತಿ ಪ್ಲಗ್ಗಿನ ತಲೆಯ ಮೇಲೇ ಒಂದು ಕಾಯಿಲ್. ಸೋರಿಕೆಯ ದಾರಿ ಕಡಿಮೆ, ಆದರೆ ಎಂಜಿನ್ನಿಗೆ ಪೈಪಿನಿಂದ ನೀರು ಹೊಡೆಸಿದರೆ ಪ್ಲಗ್ಗಿನ ಗುಂಡಿಯಲ್ಲಿ ನೀರು ನಿಂತು ಹಳೆಯ ಕಾಟವೇ ಮರಳುತ್ತದೆ. ಸ್ಕ್ಯಾನರ್ ಪಿ 0301 ತೋರಿಸಿದರೆ ಮೊದಲ ಸಿಲಿಂಡರಿನಲ್ಲಿ ದಹನ ತಪ್ಪುತ್ತಿದೆ ಎಂದರ್ಥ. ಹಾಗೆಯೇ ಓಡಿಸಬೇಡಿ, ಉರಿಯದ ಪೆಟ್ರೋಲ್ ಹೊಗೆಕೊಳವೆಯ ವೇಗವರ್ಧಕ ಪರಿವರ್ತಕವನ್ನು ಹಾಳು ಮಾಡುತ್ತದೆ.

ತರಗತಿಯಲ್ಲಿ ಮಾಡಬಹುದಾದ ಪ್ರಯೋಗ ಇದು. ಗಾಜಿನ ಲೋಟದಲ್ಲಿ ಶುಭ್ರವಾದ ಮಳೆನೀರು ತೆಗೆದುಕೊಂಡು, ಎರಡು ಮೊಳೆಗಳನ್ನು ಒಂದು ಸೆಂಟಿಮೀಟರ್ ಅಂತರದಲ್ಲಿ ಮುಳುಗಿಸಿ ಮಲ್ಟಿಮೀಟರಿನಿಂದ ರೋಧ ಅಳೆಯಿರಿ. ಎಂಜಿನ್ ಆರಿರುವ ಕಾರಿನ ಬಾನೆಟ್ಟಿನೊಳಗಿಂದ ಕೆರೆದ ಒಂದು ಚಿಟಿಕೆ ಧೂಳನ್ನು ಬೆರೆಸಿ, ಕಲಕಿ, ಮತ್ತೆ ಅಳೆಯಿರಿ. ಮೊಳೆಗಳ ಮೇಲೆ ಧ್ರುವೀಕರಣವಾಗಿ ಅಂಕಿ ಸರಿಯುತ್ತಾ ಹೋಗುತ್ತದೆ. ಎರಡೂ ಸಲ ಮೊದಲ ಕ್ಷಣದ ಅಂಕಿಯನ್ನೇ ಬರೆದುಕೊಳ್ಳಿ.