ಗೂಡಿನ ತೂಕ, ನೂಲಿನ ತೂಕ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ನನ್ನ ಹುಟ್ಟೂರು. ನಿವೃತ್ತನಾದ ಮೇಲೆ ವರ್ಷಕ್ಕೆ ನಾಲ್ಕಾರು ಬಾರಿ ಅಲ್ಲಿಗೆ ಹೋಗಿ ಬರುವ ರೂಢಿ ಇಟ್ಟುಕೊಂಡಿದ್ದೇನೆ. ಹಾಗೆ ಹೋದಾಗ ಒಮ್ಮೆ ಶಾಲೆಯ ಜಗಲಿಯಲ್ಲಿ ಆರೋಗ್ಯ ತಪಾಸಣೆ ನಡೆದಿತ್ತು. ನಾನೂ ನನ್ನ ಬಾಲ್ಯದ ಗೆಳೆಯನೊಬ್ಬನೂ ಒಂದೇ ಸಾಲಿನಲ್ಲಿ ನಿಂತೆವು. ಪ್ರಾಥಮಿಕ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಳಿತವರು ನಾವು. ಆ ಬಳಿಕ ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ ಮೂವತ್ತು ವರ್ಷ ಕುರ್ಚಿಯಲ್ಲಿ ಕುಳಿತೆ. ಅವನು ಹಿಪ್ಪುನೇರಳೆ ಸೊಪ್ಪು ಹೊತ್ತ, ರಾಗಿ ಹೊಲ ಉತ್ತ. ಇಬ್ಬರ ಎತ್ತರವೂ 165 ಸೆಂಟಿಮೀಟರು. ನನ್ನ ತೂಕ 60 ಕಿಲೋ, ಅವನದು 66. ತರುಣನೊಬ್ಬ ಲೆಕ್ಕದ ಯಂತ್ರವನ್ನು ಒತ್ತಿ ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟ. ನನ್ನದರಲ್ಲಿ 22, ‘ಆರೋಗ್ಯಕರ ತೂಕ’ ಎಂದಿತ್ತು, ಅವನದರಲ್ಲಿ 24.2, ‘ಅಧಿಕ ತೂಕ’ ಎಂದಿತ್ತು.

ನಾನು ಸಂತೋಷದಿಂದ ಊರಿಗೆ ಮರಳಿದೆ. ಅವನು ಹೆದರಿ ಎರಡು ಮುದ್ದೆಯನ್ನು ಒಂದಕ್ಕೆ ಇಳಿಸಿದನಂತೆ. ಎರಡು ತಿಂಗಳ ಬಳಿಕ ಬೇರೇನೋ ಕಾರಣಕ್ಕೆ ನನ್ನ ರಕ್ತವನ್ನು ಪರೀಕ್ಷಿಸಿದಾಗ ಮಧುಮೇಹವಿರುವುದು ತಿಳಿಯಿತು. ನನ್ನ ಒತ್ತಾಯಕ್ಕೆ ಅವನೂ ಪರೀಕ್ಷೆ ಮಾಡಿಸಿಕೊಂಡ. ಅವನಿಗೆ ಏನೂ ಇರಲಿಲ್ಲ. ಸಕ್ಕರೆ ನನಗೆ, ಪಥ್ಯ ಅವನಿಗೆ! ಈ ವಿಪರ್ಯಾಸವೇ ನನ್ನನ್ನು ಆ ಚೀಟಿಯ ಅಂಕಿಯ ಚರಿತ್ರೆಯನ್ನು ಹುಡುಕುವಂತೆ ಮಾಡಿತು. ವೈದ್ಯ ನಾನಲ್ಲ, ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಈ ಅಂಕಿಗೆ ದೇಹತೂಕ ಸೂಚ್ಯಂಕ ಎಂದು ಹೆಸರು. ಜನರ ಬಾಯಲ್ಲಿ ಅದು ‘ಬಿ.ಎಂ.ಐ.’. ಕಿಲೋ ಲೆಕ್ಕದ ತೂಕವನ್ನು ಮೀಟರು ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಅದು ದೊರೆಯುತ್ತದೆ. 1.65ರ ವರ್ಗ ಸುಮಾರು 2.72, ಅದರಿಂದ 60ನ್ನು ಭಾಗಿಸಿದರೆ 22. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 18.5ಕ್ಕಿಂತ ಕಡಿಮೆಯಾದರೆ ಕೃಶತೆ, 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು. ನಮ್ಮ ದೇಶದ ವೈದ್ಯರು 2009ರಲ್ಲಿ ಕಲೆತು, ಭಾರತೀಯರಿಗೆ ಅಧಿಕ ತೂಕ 23ಕ್ಕೇ, ಬೊಜ್ಜು 25ಕ್ಕೇ ಆರಂಭವಾಗುತ್ತದೆಂದು ನಿಗದಿ ಮಾಡಿದರು. ಆದುದರಿಂದ ಆ ತರುಣನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಲೆಕ್ಕ ಸರಿಯಾಗಿದ್ದೂ ತೀರ್ಪು ತಪ್ಪಾದದ್ದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ಈ ಸೂತ್ರವನ್ನು ಮೊದಲು ಕಂಡವನು ವೈದ್ಯನಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ ಖಗೋಳಶಾಸ್ತ್ರಜ್ಞ, ಗಣಿತಜ್ಞ. ಬ್ರಸೆಲ್ಸ್ ನಗರದ ವೀಕ್ಷಣಾಲಯವನ್ನು ಕಟ್ಟಿದವನು. ನಕ್ಷತ್ರಗಳನ್ನು ಅಳೆಯುವ ಕ್ರಮದಿಂದಲೇ ಮನುಷ್ಯ ಸಮುದಾಯವನ್ನೂ ಅಳೆಯಬಹುದೆಂಬ ಹಂಬಲ ಅವನದು. 1835ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ‘ಸರಾಸರಿ ಮಾನವ’ನೆಂಬ ಕಲ್ಪನೆಯನ್ನು ಮುಂದಿಟ್ಟ. ಮನುಷ್ಯ ಉದ್ದ, ಅಗಲ, ದಪ್ಪ ಮೂರರಲ್ಲಿಯೂ ಸಮನಾಗಿ ಬೆಳೆಯುವುದಾದರೆ ತೂಕವು ಎತ್ತರದ ಘನಕ್ಕೆ ಅನುಗುಣವಾಗಿರಬೇಕು. ವಯಸ್ಕರಲ್ಲಿ ಹಾಗಿಲ್ಲ, ತೂಕವು ಸುಮಾರಾಗಿ ಎತ್ತರದ ವರ್ಗವನ್ನು ಅನುಸರಿಸುತ್ತದೆ ಎಂಬುದು ಅವನು ಕಂಡ ನಿಯಮ. ಅವನ ಕುತೂಹಲ ಇದ್ದದ್ದು ಜನಸಮೂಹದ ಸ್ವರೂಪದಲ್ಲಿ. ಯಾವನೋ ಒಬ್ಬ ವ್ಯಕ್ತಿ ಆರೋಗ್ಯವಂತನೋ ರೋಗಿಯೋ ಎಂಬ ಪ್ರಶ್ನೆಯನ್ನು ಅವನು ಈ ಸೂತ್ರಕ್ಕೆ ಕೇಳಿರಲಿಲ್ಲ.

ನೂರಮೂವತ್ತೇಳು ವರ್ಷಗಳ ತರುವಾಯ, 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆಗಳನ್ನು ಇಟ್ಟುಕೊಂಡು ಅಂದು ಬಳಕೆಯಲ್ಲಿದ್ದ ಹಲವು ಸೂತ್ರಗಳನ್ನು ಹೋಲಿಸಿದರು. ಕೆಟ್ಲೆಯ ಸೂತ್ರಕ್ಕೆ ಇಂದಿನ ಹೆಸರನ್ನು ಕೊಟ್ಟವರು ಅವರು. ಪೂರ್ಣ ತೃಪ್ತಿಕರವಲ್ಲದಿದ್ದರೂ ಉಳಿದವುಗಳಿಗೆ ಇದು ಕಡಿಮೆಯಿಲ್ಲ ಎಂಬಷ್ಟೇ ಅವರ ಅಭಿಪ್ರಾಯ. ಆ ಅಧ್ಯಯನದಲ್ಲಿ ಹೆಂಗಸರಿರಲಿಲ್ಲವೆಂಬುದನ್ನೂ ನೆನಪಿಡಬೇಕು. ಆದರೆ ಒಂದು ತಕ್ಕಡಿ, ಒಂದು ಅಳತೆಪಟ್ಟಿ ಇದ್ದರೆ ಸಾಕಾಗುವ ಈ ಸುಲಭ ಲೆಕ್ಕ ಕೆಲವೇ ದಶಕಗಳಲ್ಲಿ ಲೋಕದ ಎಲ್ಲ ಆಸ್ಪತ್ರೆಗಳ ಗೋಡೆಯನ್ನೂ ಏರಿತು.

ಇದರ ಕೊರತೆಯೇನೆಂಬುದನ್ನು ನಮ್ಮ ಸೀಮೆಯವರಿಗೆ ವಿವರಿಸುವುದು ಕಷ್ಟವಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿದವರು ಬಲ್ಲರು: ಗೂಡು ಮಾರಾಟವಾಗುವುದು ತೂಕದ ಮೇಲೆ. ಆದರೆ ಹಸಿ ಗೂಡಿನ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಒಳಗೆ ಮಲಗಿರುವ ಹುಳುವಿನದು. ರೇಷ್ಮೆಯಿರುವುದು ಹೊರಗಿನ ಚಿಪ್ಪಿನಲ್ಲಿ. ಆದುದರಿಂದಲೇ ನೂಲು ಬಿಚ್ಚುವ ರೀಲರು ತಕ್ಕಡಿಯೊಂದನ್ನೇ ನಂಬುವುದಿಲ್ಲ. ಗೂಡನ್ನು ಬೆರಳಿನಲ್ಲಿ ಒತ್ತಿ ನೋಡುತ್ತಾನೆ, ಕಿವಿಯ ಬಳಿ ಅಲುಗಿಸುತ್ತಾನೆ, ಬೇಕಾದರೆ ಕತ್ತರಿಸಿಯೂ ನೋಡುತ್ತಾನೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕೆಂಬ ಲೆಕ್ಕಕ್ಕೆ ರೆಂಡಿಟ್ಟಾ ಎನ್ನುತ್ತಾರೆ. ಒಂದು ರಾಶಿಗೆ ಆರು ಕಿಲೋ ಸಾಕಾದರೆ ಇನ್ನೊಂದಕ್ಕೆ ಎಂಟು ಬೇಕಾದೀತು. ತಕ್ಕಡಿಯಲ್ಲಿ ಎರಡೂ ರಾಶಿ ಸಮವೇ.

ಮನುಷ್ಯನ ದೇಹವೂ ಹೀಗೆಯೇ. ಮೂಳೆ, ಮಾಂಸಖಂಡ, ಕೊಬ್ಬು, ನೀರು ಎಲ್ಲವನ್ನೂ ತಕ್ಕಡಿ ಕೂಡಿಸಿ ಹೇಳುತ್ತದೆ. ಯಾವುದು ಎಷ್ಟೆಂದು ಬಿಡಿಸುವುದಿಲ್ಲ. ಕೊಬ್ಬು ಎಲ್ಲಿ ಕೂತಿದೆಯೆಂಬುದನ್ನಂತೂ ಹೇಳಲಾರದು. ತೊಡೆಯ ಕೊಬ್ಬಿಗಿಂತ ಹೊಟ್ಟೆಯೊಳಗೆ ಕರುಳು, ಯಕೃತ್ತುಗಳ ಸುತ್ತ ಸೇರುವ ಕೊಬ್ಬು ಹೆಚ್ಚು ಅಪಾಯಕರ. ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗಿ ಮಧುಮೇಹಕ್ಕೆ ದಾರಿ ಮಾಡುವುದು ಅದು. ವಯಸ್ಸಾದಂತೆ ಮಾಂಸಖಂಡ ಕರಗಿ ಆ ಜಾಗಕ್ಕೆ ಕೊಬ್ಬು ಬಂದರೆ ತೂಕ ಅಷ್ಟೇ ಇರುತ್ತದೆ, ಅಂಕಿಯೂ ಅಲುಗುವುದಿಲ್ಲ. ನನಗೆ ಆದದ್ದು ಇದೇ.

ಇದನ್ನು ಎತ್ತಿ ತೋರಿಸುವ ಒಂದು ಸ್ವಾರಸ್ಯಕರ ಪ್ರಸಂಗ 2004ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿದೆ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ ಅಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಸೂಚ್ಯಂಕವೂ 22.3. ಆದರೆ ದೇಹದಲ್ಲಿದ್ದ ಕೊಬ್ಬಿನ ಪ್ರಮಾಣ ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ 21.2! ಹೊರಗೆ ತೆಳುವು, ಒಳಗೆ ಕೊಬ್ಬು ಎಂಬುದು ಭಾರತೀಯ ದೇಹದ ಸಾಮಾನ್ಯ ಲಕ್ಷಣವೆಂದು ಯಾಜ್ಞಿಕರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ.

ಈ ಲಕ್ಷಣದ ಬೇರು ಎಷ್ಟು ಆಳದಲ್ಲಿದೆ ಎಂಬುದನ್ನು ತೋರಿಸಿದ ಸಂಶೋಧನೆಗಳಲ್ಲಿ ಕೆಲವು ನಮ್ಮ ಮೈಸೂರಿನಲ್ಲಿಯೇ ನಡೆದಿವೆ. ಜನ ‘ಮಿಷನ್ ಆಸ್ಪತ್ರೆ’ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಮಾಡಿ ಜೋಪಾನವಾಗಿಟ್ಟಿದ್ದರು. ದಶಕಗಳ ಬಳಿಕ ಆ ಶಿಶುಗಳನ್ನು ನಡುವಯಸ್ಸಿನವರಾಗಿ ಪತ್ತೆಹಚ್ಚಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿರುವುದು ಕಂಡುಬಂತು. ಮುಂದೆ 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಆರಂಭವಾದ ಇನ್ನೊಂದು ಅಧ್ಯಯನದಲ್ಲಿ, ಮೈಸೂರಿನ ಶಿಶುಗಳು ಇಂಗ್ಲಿಷ್ ಶಿಶುಗಳಿಗಿಂತ ಎಲ್ಲದರಲ್ಲೂ ಸಣ್ಣವಾಗಿದ್ದರೂ ಹೆಗಲಮೂಳೆಯ ಕೆಳಗಿನ ಚರ್ಮದ ಕೊಬ್ಬಿನಲ್ಲಿ ಅಷ್ಟಾಗಿ ಹಿಂದುಳಿದಿರಲಿಲ್ಲ. ನಾಲ್ಕು ವರ್ಷ ತುಂಬುವ ಹೊತ್ತಿಗೆ ಆ ಒಂದು ಅಳತೆಯಲ್ಲಿ ಅಲ್ಲಿಯ ಮಕ್ಕಳನ್ನು ಮೀರಿಸಿದ್ದವು. ನಮ್ಮವರಿಗೆ ಗಡಿಯನ್ನು 23ಕ್ಕೆ ಇಳಿಸಿದ್ದಕ್ಕೆ ಇಂಥ ಕಾರಣಗಳಿವೆ. ಆದರೆ ಗಡಿಯನ್ನು ಎಷ್ಟು ಇಳಿಸಿದರೂ ಅದು ಸರಾಸರಿಯ ಗಡಿಯೇ. 22ರ ನಾನು ಅದರಿಂದ ನುಣುಚಿಕೊಂಡೆ. 24ರ ಗೆಳೆಯ ಸಿಕ್ಕಿಬಿದ್ದ.

ಹಾಗಾದರೆ ಈ ಅಂಕಿ ನಿಷ್ಪ್ರಯೋಜಕವೆ? ಹಾಗೆನ್ನುವುದು ದೊಡ್ಡ ತಪ್ಪಾದೀತು. ಜನಸಮೂಹದ ಸ್ಥಿತಿಯನ್ನು ತಿಳಿಯಲು ಇದಕ್ಕಿಂತ ಅಗ್ಗದ ಸಾಧನವಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪೋಷಣೆಯ ಬಗ್ಗೆ ದುಡಿದ ಪ್ರಕಾಶ್ ಶೆಟ್ಟಿಯವರು ಜೇಮ್ಸ್ ಎಂಬ ವಿಜ್ಞಾನಿಯೊಡನೆ 1994ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಬರೆದ ಗ್ರಂಥದ ವಿಷಯವೇ ಇದು: ವಯಸ್ಕರಲ್ಲಿ ದೀರ್ಘಕಾಲದ ಅರೆಹೊಟ್ಟೆಯನ್ನು ಗುರುತಿಸಲು ಈ ಸೂಚ್ಯಂಕದ ಬಳಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 18.7 ಮಂದಿ 18.5ರ ಕೆಳಗೂ, ಶೇಕಡಾ 24 ಮಂದಿ 25 ಅಥವಾ ಅದರ ಮೇಲೂ ಇದ್ದರು. ಒಂದೇ ದೇಶದಲ್ಲಿ ಹಸಿವೂ ಬೊಜ್ಜೂ ಅಕ್ಕಪಕ್ಕದಲ್ಲಿ ವಾಸವಾಗಿರುವುದನ್ನು ಈ ಸರಳ ಲೆಕ್ಕವಲ್ಲದೆ ಬೇರಾವುದು ತಿಳಿಸೀತು? ವ್ಯಕ್ತಿಯ ಮಟ್ಟದಲ್ಲಿಯೂ ಅಂಕಿ ತೀರ ಕೆಳಗಿದ್ದರೆ ಅಥವಾ ತೀರ ಮೇಲಿದ್ದರೆ ಅದನ್ನು ಕಡೆಗಣಿಸುವಂತಿಲ್ಲ. ಅದು ತಡವರಿಸುವುದು ನಡುವಿನ ಪ್ರದೇಶದಲ್ಲಿ. ನಮ್ಮಲ್ಲಿ ಬಹುಮಂದಿ ಇರುವುದೂ ಅಲ್ಲಿಯೇ.

ಅದಕ್ಕೆ ಜೊತೆಯಾಗಿ ಇನ್ನೊಂದು ಅಳತೆ ಬೇಕು, ಅದು ಸೊಂಟದ ಸುತ್ತಳತೆ. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು ಇವುಗಳ ನಡುಮಧ್ಯದಲ್ಲಿ, ಉಸಿರನ್ನು ಸಹಜವಾಗಿ ಹೊರಬಿಟ್ಟಾಗ, ದರ್ಜಿಯ ಟೇಪಿನಿಂದ ಅಳೆಯಬೇಕು. ಭಾರತೀಯ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಮೀರಬಾರದೆಂದು 2009ರ ನಿರ್ಣಯವೇ ಹೇಳುತ್ತದೆ. ಸೊಂಟವು ಎತ್ತರದ ಅರ್ಧಕ್ಕಿಂತ ಕಡಿಮೆಯಿರಲಿ ಎಂಬುದು ನೆನಪಿಡಲು ಇನ್ನೂ ಸುಲಭವಾದ ಸೂತ್ರ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದು ನೇಮಿಸಿದ ತಜ್ಞರ ಆಯೋಗವೂ, ಸೂಚ್ಯಂಕವೊಂದರಿಂದಲೇ ಯಾರಿಗೂ ಬೊಜ್ಜಿದೆಯೆಂದು ತೀರ್ಮಾನಿಸಬಾರದು, ಸೊಂಟದ ಅಳತೆಯಿಂದಲೋ ಕೊಬ್ಬಿನ ನೇರ ಪರೀಕ್ಷೆಯಿಂದಲೋ ಅದನ್ನು ದೃಢಪಡಿಸಿಕೊಂಡು, ದೇಹದ ಅಂಗಗಳಿಗೆ ತೊಂದರೆಯಾಗಿದೆಯೇ ಎಂದೂ ನೋಡಬೇಕೆಂದು ಹೇಳಿತು. ನಡುವಯಸ್ಸು ದಾಟಿದವರು ತೆಳ್ಳಗಿದ್ದರೂ ರಕ್ತದ ಸಕ್ಕರೆ, ರಕ್ತದೊತ್ತಡಗಳನ್ನು ಪರೀಕ್ಷಿಸಿಕೊಳ್ಳುವುದು ವಿವೇಕ.

ಈ ಓದಿನ ನಂತರ ಒಂದು ಟೇಪನ್ನು ಜೇಬಿನಲ್ಲಿಟ್ಟುಕೊಂಡು ಸಾದಲಿಗೆ ಹೋದೆ. ಗೆಳೆಯನ ಸೊಂಟ 82 ಸೆಂಟಿಮೀಟರು, ನನ್ನದು 91. ಅವನು ಎರಡನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಇಷ್ಟು ದಿನ ನಿನ್ನ ಪಥ್ಯ ನಾನು ಮಾಡಿದೆ’ ಎಂದ. ಅಂದು ಮಧ್ಯಾಹ್ನ ಅವರ ಮನೆಯಲ್ಲಿ ಊಟಕ್ಕೆ ಕುಳಿತಾಗ ಅವನ ತಟ್ಟೆಗೆ ಎರಡನೆಯ ಮುದ್ದೆ ಮರಳಿ ಬಂತು. ನಾನು ಒಂದೇ ಮುದ್ದೆ ಉಂಡು, ಬಿಸಿಲು ಇಳಿದ ಮೇಲೆ ಅವನ ಹಿಂದೆ ಹಿಪ್ಪುನೇರಳೆ ತೋಟದವರೆಗೆ ನಡೆದೆ.